ಫ್ಯೂಷನ್ ರಾಕೆಟ್ ಸಿದ್ಧವಾಗಿದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

‘ಅಣು ಸಮ್ಮಿಲನದ ರಾಕೆಟ್ ಸಿದ್ಧ, ಶನಿ, ಪ್ಲೂಟೊ ಇನ್ನು ಹತ್ತಿರ’ ಎಂಬಂಥ ಸಂದೇಶ ನಿಮಗೂ ಬಂದಿದೆಯೇ? ಚುಟುಕಾಗಿ ಹೇಳುವುದಾದರೆ, ಇದರ ಹಿಂದಿನ ವಿಜ್ಞಾನ ನಿಜ. ಆದರೆ ಅಂಥ ರಾಕೆಟ್ ಇನ್ನೂ ಹಾರಿಲ್ಲ.

ದೂರ ಎಷ್ಟು?

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಸೂರ್ಯ, ಸುಮಾರು 14 ಕಿ.ಮೀ. ಆಚೆಯ ಹರಿಹರದಲ್ಲಿ ನೆಪ್ಚೂನ್ ಇದೆ ಎಂದುಕೊಳ್ಳೋಣ. ಆಗ ಶನಿ ಸೂರ್ಯನಿಂದ ನಾಲ್ಕೂವರೆ ಕಿ.ಮೀ. ದೂರ, ಭೂಮಿ ಅರ್ಧ ಕಿ.ಮೀ.ಗೂ ಕಡಿಮೆ. ಮನುಷ್ಯ ಕಾಲಿಟ್ಟ ಚಂದ್ರ? ಭೂಮಿಯಿಂದ ಬರೀ ನಾಲ್ಕು ಅಡಿ!

ನಾಸಾದ ನ್ಯೂ ಹೊರೈಜನ್ಸ್ ನೌಕೆ 2006ರ ಜನವರಿಯಲ್ಲಿ ಹೊರಟು, 2015ರ ಜುಲೈನಲ್ಲಿ ಪ್ಲೂಟೊ ತಲುಪಿತು. ವೇಗ ತಗ್ಗಿಸಿ ಅಲ್ಲಿ ನಿಲ್ಲುವಷ್ಟು ಇಂಧನ ಇರಲಿಲ್ಲ, ಹಾಗಾಗಿ ಪಕ್ಕದಲ್ಲೇ ಹಾದುಹೋಯಿತು.

ಫ್ಯೂಷನ್ ಏಕೆ ಬೇಕು?

ಹಗುರ ಪರಮಾಣುಗಳ ಬೀಜಗಳು ಬೆಸೆದುಕೊಂಡಾಗ ಅಪಾರ ಶಕ್ತಿ ಹೊಮ್ಮುತ್ತದೆ. ಸೂರ್ಯ ಬೆಳಗುವುದೂ ಹೀಗೆಯೇ. ಅಷ್ಟೇ ತೂಕದ ರಾಕೆಟ್ ಇಂಧನಕ್ಕೆ ಹೋಲಿಸಿದರೆ ಇದು ಒಂದು ಕೋಟಿ ಪಟ್ಟಿಗೂ ಹೆಚ್ಚು. ಅಮೆರಿಕದ ಪ್ರಿನ್ಸ್‌ಟನ್‌ನ ಸಂಶೋಧಕರು ರೂಪಿಸಿದ ಎಂಜಿನ್ ವಿನ್ಯಾಸದ ಲೆಕ್ಕದಂತೆ, ಒಂದು ಟನ್ ಸಾಮಗ್ರಿ ಹೊತ್ತ ನೌಕೆ ಸುಮಾರು 4 ವರ್ಷದಲ್ಲಿ ಪ್ಲೂಟೊ ತಲುಪಿ ಅದನ್ನು ಸುತ್ತಬಹುದು. ಆದರೆ ಇದು ವಿನ್ಯಾಸ ಮಾತ್ರ.

ಅಡ್ಡಿ ಏನು?

2022ರ ಡಿಸೆಂಬರ್ 5ರಂದು ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಕಿ 3.15 ಮೆಗಾಜೂಲ್ ಫ್ಯೂಷನ್ ಶಕ್ತಿ ಪಡೆದರು. ದೊಡ್ಡ ಸಾಧನೆಯೇ ಸರಿ. ಆದರೆ ಆ ಲೇಸರ್‌ಗಳು ಕರೆಂಟ್ ಲೈನಿನಿಂದ ಎಳೆದದ್ದು ಸುಮಾರು 300 ಮೆಗಾಜೂಲ್! ಅವು ಇರುವ ಕಟ್ಟಡ ಮೂರು ಫುಟ್‌ಬಾಲ್ ಮೈದಾನದಷ್ಟು ದೊಡ್ಡದು. ನೌಕೆಯೊಳಗೆ ಹಿಡಿಸುವ, ಖರ್ಚಿಗಿಂತ ಹೆಚ್ಚು ಶಕ್ತಿ ಕೊಡುವ ಫ್ಯೂಷನ್ ಯಂತ್ರ ಇನ್ನೂ ಬಂದಿಲ್ಲ.

ಹಾಗಾದರೆ ವಾಯೇಜರ್, ಚಂದ್ರಯಾನ?

ಗೊಂದಲ ಹುಟ್ಟುವುದು ಇಲ್ಲೇ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳಲ್ಲಿ ಪ್ಲುಟೋನಿಯಂ ಇದೆ. ಅದರ ಬಿಸಿಯಿಂದ ರೇಡಿಯೊ ಮತ್ತು ಉಪಕರಣಗಳಿಗೆ ವಿದ್ಯುತ್ ಸಿಗುತ್ತದೆ, ನೌಕೆಯನ್ನು ಅದು ಮುಂದೆ ತಳ್ಳುವುದಿಲ್ಲ. ನಮ್ಮ ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲೂ ವಿಕಿರಣ ವಸ್ತುವಿನಿಂದ ಬಿಸಿ ಕೊಡುವ ಎರಡು ಪುಟ್ಟ ಘಟಕಗಳಿದ್ದವು. ಒಂದೊಂದರ ಶಕ್ತಿ ಸುಮಾರು 1 ವ್ಯಾಟ್ ಅಷ್ಟೆ. ಇವೆರಡೂ ಫ್ಯೂಷನ್ ಅಲ್ಲ.

ತೀರ್ಮಾನ

‘ಫ್ಯೂಷನ್ ರಾಕೆಟ್ ಸಿದ್ಧ’ ಎಂಬುದು ಸುಳ್ಳು. ‘ಸಂಶೋಧನೆ ನಡೆದಿದೆ’ ಎಂದರೆ ನಿಜ. ಇಂಥ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ಇದು ಹಾರಿದ ನೌಕೆಯೇ, ಲ್ಯಾಬಿನ ಪ್ರಯೋಗವೇ, ಇಲ್ಲವೇ ಕಂಪ್ಯೂಟರ್‌ನಲ್ಲಿ ಬಿಡಿಸಿದ ಚಿತ್ರವೇ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.