ಭದ್ರಾವತಿಯ ಉಕ್ಕೂ ಮೈಸೂರಿನ ನೆರೆಹೊರೆಯೂ



ಶಿವಮೊಗ್ಗೆಯ ಅಡಕೆ ಮಂಡಿಗೆ ಹೋಗಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಬಗೆಯಾಗಿ ವಿಂಗಡಿಸಿಟ್ಟ ಮೂಟೆಗಳನ್ನು ನೋಡಿ, ಈ ಮಾಲು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ, ಬಹುಪಾಲು ಉತ್ತರ ಹಿಂದೂಸ್ಥಾನಕ್ಕೆ ಎಂಬ ಉತ್ತರ ಬರುತ್ತದೆ. ಸಮುದ್ರವೋ ಪಶ್ಚಿಮಕ್ಕೆ, ಘಟ್ಟವಿಳಿದರೆ ಒಂದು ನೂರು ಮೈಲಿಯೊಳಗೇ ಇದೆ. ಆದರೂ ಊರು ಸಮುದ್ರಕ್ಕೆ ಬೆನ್ನು ಮಾಡಿಕೊಂಡು ಕುಳಿತಂತೆ ತೋರುತ್ತದೆ. ಹೀಗೇಕಾಯಿತೆಂಬುದನ್ನು ವಿಚಾರಿಸಹೊರಟರೆ, ಒಂದು ಚಿಕ್ಕ ದೇಶವು ತನ್ನ ನೆರೆಯ ದೊಡ್ಡ ದೇಶದೊಡನೆ ಹೇಗೆ ಕೂಡಿಕೊಳ್ಳಬೇಕು, ಎಷ್ಟು ಕೂಡಿಕೊಳ್ಳಬೇಕು ಎಂಬ ಪ್ರಶ್ನೆಯೇ ಎದುರಾಗುತ್ತದೆ. ಆ ಪ್ರಶ್ನೆಯನ್ನು ಮೈಸೂರು ಸಂಸ್ಥಾನವು ಸುಮಾರು ನೂರೈವತ್ತು ವರ್ಷಗಳ ಕಾಲ ಎದುರಿಸಿತು. ಅದರ ಉತ್ತರದ ಒಂದು ಮುಖ್ಯ ಭಾಗ ಭದ್ರಾ ನದಿಯ ದಡದಲ್ಲಿ ನಿಂತಿದೆ.

ಕೆಳದಿಯ ಅರಸರ ಕಾಲದಲ್ಲಿ ಈ ಪ್ರಾಂತ ಸಮುದ್ರಕ್ಕೆ ಮುಖ ಮಾಡಿಯೇ ಬಾಳಿತ್ತು. ಭೂಮಿಯ ಹುಟ್ಟುವಳಿಯನ್ನು ಅಳೆದು ಶಿಸ್ತನ್ನು ಗೊತ್ತುಮಾಡಿದ ಶಿವಪ್ಪನಾಯಕನು 1660ರ ವರೆಗೆ ಆಳಿದನು. ಅವನ ರಾಜ್ಯದಲ್ಲಿ ಘಟ್ಟದ ಮೇಲಿನ ಮಲೆನಾಡೂ ಕೆಳಗಿನ ಕರಾವಳಿಯೂ ಒಂದೇ ಕೈಯಲ್ಲಿದ್ದುವು. ಮೆಣಸು, ಅಕ್ಕಿಗಳು ಬಸರೂರು, ಹೊನ್ನಾವರ, ಮಂಗಳೂರುಗಳ ರೇವುಗಳಿಗೆ ಇಳಿಯುತ್ತಿದ್ದುವು. ಗೋವೆಯ ಪೋರ್ತುಗೀಸರು ಊಟಕ್ಕೆ ಕನ್ನಡ ಕರಾವಳಿಯ ಅಕ್ಕಿಯನ್ನೇ ನೆಚ್ಚಿದ್ದರು. 1763ರಲ್ಲಿ ಹೈದರಲಿಯು ಬಿದನೂರನ್ನು ಗೆದ್ದಾಗ ರಾಜ್ಯ ಹೋಯಿತೇ ಹೊರತು ಈ ಸಂಬಂಧ ಹೋಗಲಿಲ್ಲ. ಅದು ಹೋದದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದಮೇಲೆ ಕರಾವಳಿಯು ಕಂಪನಿಯವರ ಪಾಲಾಯಿತು. ಮಲೆನಾಡು ಒಡೆಯರ ಮೈಸೂರಿಗೆ ಉಳಿಯಿತು. ಘಟ್ಟದ ನೆತ್ತಿಯಲ್ಲಿ ಒಂದು ಗಡಿಯ ಗೆರೆ ಬಿದ್ದಿತು. ಮೈಸೂರಿಗೆ ಒಂದು ಬಂದರೂ ಇಲ್ಲದಂತಾಯಿತು. ಸಾಲದುದಕ್ಕೆ ವರ್ಷಕ್ಕೆ 24½ ಲಕ್ಷ ರೂಪಾಯಿಗಳ ಪೊಗದಿ ಬೇರೆ. 1896ರಿಂದ ಅದು 35 ಲಕ್ಷವಾಯಿತು.

ಹೊರಗಿನ ಗಡಿ ಒಂದಾದರೆ ಒಳಗಿನ ಗಡಿಗಳು ನೂರಿದ್ದುವು. ಸಾಯಿರವೆಂಬ ಸುಂಕವನ್ನು ಗುತ್ತಿಗೆದಾರರು ಕಟ್ಟೆಕಟ್ಟೆಗೂ ವಸೂಲುಮಾಡುತ್ತಿದ್ದರು. ಇದಲ್ಲದೆ ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ. ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹಿಂದಿನವರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಹಳ್ಳಿಯವರು ಬಹುಕಾಲ ದಂಡ ತೆರುತ್ತಿದ್ದರಂತೆ. ನಮ್ಮ ನಗರದ ಸೀಮೆಯಲ್ಲಿಯೇ ಒಂದು ಜಾಗವಿತ್ತು. ಅಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವನು ತೆರಿಗೆ ಕೊಡಬೇಕಾಗಿತ್ತು! ಇವನ್ನು ನಾನು ಕಲ್ಪಿಸಿ ಹೇಳುತ್ತಿಲ್ಲ. ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ನಮೂದಿಸಿದ್ದಾರೆ. ಕಂದಾಯದ ಉಪಟಳ ತಾಳಲಾರದೆ 1830ರಲ್ಲಿ ನಗರದ ರೈತರು ದಂಗೆಯೆದ್ದರು. ಮರುವರ್ಷ ಸಂಸ್ಥಾನದ ಆಡಳಿತವೇ ಕಂಪನಿಯವರ ಕೈಸೇರಿತು. 1834ರಿಂದ 1861ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಇಂಥ ಚಿಲ್ಲರೆ ತೆರಿಗೆಗಳು 769 ರದ್ದಾದುವು. ಸಂಸ್ಥಾನದೊಳಗಣ ವ್ಯಾಪಾರದ ಹಾದಿ ತೆರವಾದದ್ದು ಆಗಲೇ. ಈ ನಾಡು ಕಂಡ ಮೊದಲ ಆರ್ಥಿಕ ಸುಧಾರಣೆ ಅದೆಂದು ನನ್ನ ಎಣಿಕೆ. ಅದು ನಡೆದದ್ದು ಮಾತ್ರ ನಮ್ಮ ಅರಸರ ಅಧಿಕಾರ ಹೋದಮೇಲೆ ಎಂಬುದು ಸ್ವಲ್ಪ ಮುಜುಗರದ ಸಂಗತಿ.

1881ರಲ್ಲಿ ರಾಜ್ಯ ಮರಳಿ ಒಡೆಯರಿಗೆ ಬಂದಿತು. ಬಂದ ರಾಜ್ಯವು ಆರ್ಥಿಕವಾಗಿ ಎಷ್ಟು ಸ್ವತಂತ್ರ? ಮೈಸೂರಿನ ಪುರಾತನವಾದ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯದ ಟಪ್ಪಾಲಿನಲ್ಲಿ ಲೀನವಾಯಿತು. ನಾಣ್ಯ ಅವರದು. ಕಡಲ ಸುಂಕ ಅವರದು. ಮೈಸೂರಿನವನೊಬ್ಬ ಮ್ಯಾಂಚೆಸ್ಟರಿನ ಪಂಚೆ ಕೊಂಡರೆ, ಅದರ ಬೆಲೆಯೊಳಗೆ ಅಡಗಿದ್ದ ಸುಂಕವು ಮದರಾಸಿನ ಬಂದರಿನಲ್ಲಿಯೇ ಕಲ್ಕತ್ತೆಯ ಬೊಕ್ಕಸಕ್ಕೆ, ಮುಂದೆ ದೆಹಲಿಯ ಬೊಕ್ಕಸಕ್ಕೆ, ಸೇರಿಹೋಗಿರುತ್ತಿತ್ತು. ತೆರುವವನು ಮೈಸೂರಿನವನು, ಪಡೆಯುವವನು ಬೇರೆಯವನು. ಈ ಅನ್ಯಾಯವನ್ನು ಸಂಸ್ಥಾನದವರು ಬಟ್ಲರ್ ಸಮಿತಿಯ ಕಾಲದಿಂದ ಲಂಡನ್ನಿನ ದುಂಡುಮೇಜಿನ ಪರಿಷತ್ತಿನ ವರೆಗೆ ಹೇಳುತ್ತಲೇ ಬಂದರು. ಕೊಚ್ಚಿ, ತಿರುವಾಂಕೂರುಗಳಿಗೆ ಕೊಚ್ಚಿಯ ಬಂದರಿನ ಸುಂಕದಲ್ಲಿ ಪಾಲು ದೊರೆಯಿತು, ಏಕೆಂದರೆ ಅವುಗಳಿಗೆ ಕಡಲಿತ್ತು. ಉತ್ತರ ಕನ್ನಡದ ಭಟ್ಕಳದಲ್ಲಿ ಮೈಸೂರಿಗೊಂದು ಬಂದರನ್ನು ಮಾಡಿಕೊಂಡು ಅಲ್ಲಿಗೆ ರೈಲುಹಾದಿ ಹಾಕಬೇಕೆಂದು ವಿಶ್ವೇಶ್ವರಯ್ಯನವರು ಹಂಬಲಿಸಿದ್ದರ ಮರ್ಮ ಇದೇ. ಅದು ಕೈಗೂಡಲಿಲ್ಲ. ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ಬಂದ ರೈಲು 1940ರಲ್ಲಿ ತಾಳಗುಪ್ಪೆಯನ್ನು ಮುಟ್ಟಿ ನಿಂತಿತು. ತಾಳಗುಪ್ಪೆಯಿಂದ ಹೊನ್ನಾವರಕ್ಕೆ ಇಂದಿಗೂ ರೈಲಿಲ್ಲ.

ಬಂದರಿಲ್ಲ, ಸುಂಕದ ಅಧಿಕಾರವಿಲ್ಲ; ಇಂಥ ದೇಶ ಕೈಗಾರಿಕೆಯನ್ನು ಬೆಳೆಸುವುದು ಹೇಗೆ? ಜರ್ಮನಿಯ ಸಣ್ಣ ರಾಜ್ಯಗಳು 1834ರಲ್ಲಿ ಸುಂಕದ ಒಕ್ಕೂಟವೊಂದನ್ನು ಕಟ್ಟಿಕೊಂಡು ಒಳಗೆಲ್ಲ ಮುಕ್ತವ್ಯಾಪಾರ, ಹೊರಗಿನವರಿಗೆ ಮಾತ್ರ ಸುಂಕದ ಗೋಡೆ ಎಂದು ಏರ್ಪಡಿಸಿಕೊಂಡುವು. ಎಳೆಯ ಕೈಗಾರಿಕೆಗೆ, ಎಳೆಯ ಗಿಡಕ್ಕೆ ಬೇಲಿ ಹಾಕಿದಂತೆ, ಕೆಲಕಾಲ ರಕ್ಷಣೆ ಬೇಕೆಂದು ಅಲ್ಲಿಯ ಫ್ರೆಡರಿಕ್ ಲಿಸ್ಟ್ ಪಂಡಿತನು ಸಾರಿದನು. ಮೈಸೂರಿನ ಸ್ಥಿತಿಯೇ ಬೇರೆ. ಅದೂ ಒಂದು ಒಕ್ಕೂಟದೊಳಗೇ ಇತ್ತು, ಆದರೆ ಒಕ್ಕೂಟದ ಸಭೆಯಲ್ಲಿ ಅದಕ್ಕೆ ಪೀಠವಿರಲಿಲ್ಲ. ಬೇಲಿ ಹಾಕುವ ಅಧಿಕಾರವಿಲ್ಲದ ತೋಟಗಾರ ಮಾಡಬಹುದಾದದ್ದು ಒಂದೇ, ತಾನೇ ನಿಂತು ನೀರೆರೆಯುವುದು. ಮೈಸೂರು ಹಾಗೆಯೇ ಮಾಡಿತು. 1911ರಲ್ಲಿ ಆರ್ಥಿಕ ಸಮ್ಮೇಲನ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರಖಾನೆ. ಕೊನೆಗೆ, ಎಲ್ಲಕ್ಕಿಂತ ದೊಡ್ಡ ಸಾಹಸವಾಗಿ, ಭದ್ರಾವತಿ.

ಆಗಿನ್ನೂ ಆ ಊರಿಗೆ ಬೆಂಕಿಪುರವೆಂದು ಹೆಸರು. ಬಾಬಾಬುಡನ್ ಗಿರಿಗಳ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಕಬ್ಬಿಣದ ಅದುರಿತ್ತು, ಭಂಡಿಗುಡ್ಡದಲ್ಲಿ ಸುಣ್ಣದಕಲ್ಲಿತ್ತು. ಇಲ್ಲದಿದ್ದದ್ದು ಕಲ್ಲಿದ್ದಲು. ಬಂಗಾಳದ ಕಲ್ಲಿದ್ದಲನ್ನು ಅಷ್ಟು ದೂರದಿಂದ ತರಿಸುವುದೆಂದರೆ ಮಾಲಿಗಿಂತ ಗಾಡಿಯ ಬಾಡಿಗೆಯೇ ಹೆಚ್ಚು. ಆದ್ದರಿಂದ ಮಲೆನಾಡಿನ ಕಾಡಿನ ಸೌದೆಯನ್ನು ಬೇಯಿಸಿ ಇದ್ದಲು ಮಾಡುವುದು, ಆ ಹೊಗೆಯಿಂದಲೇ ಮರದ ಮದ್ಯಸಾರ, ಟಾರು ಮೊದಲಾದ ಪದಾರ್ಥಗಳನ್ನು ಇಳಿಸುವುದು, ಆ ಇದ್ದಲಿನಿಂದ ಅದುರನ್ನು ಕರಗಿಸುವುದು ಎಂದು ಗೊತ್ತಾಯಿತು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಎಂಬ ಎಂಜಿನಿಯರುಗಳು ನಕ್ಷೆ ಹಾಕಿದರು. 1918ರಲ್ಲಿ ಮಂಜೂರಾದ ಕೆಲಸ ಮುಗಿದು ಬೀಡುಕಬ್ಬಿಣ ಹರಿದದ್ದು 1923ರ ಜನವರಿಯಲ್ಲಿ.

ಈ ಐದು ವರ್ಷಗಳ ಅಂತರವೇ ಕಾರಖಾನೆಗೆ ಶನಿಯಾಯಿತು. ಲೆಕ್ಕ ಹಾಕಿದ್ದು ಯುದ್ಧಕಾಲದ ಬೆಲೆಯಲ್ಲಿ. ಕಬ್ಬಿಣ ಪೇಟೆಗೆ ಬರುವ ಹೊತ್ತಿಗೆ ಬೆಲೆ ಬಿದ್ದುಹೋಗಿತ್ತು. ಇದ್ದಲಿನ ಕಬ್ಬಿಣ ಗುಣದಲ್ಲಿ ಮೇಲಾದದ್ದೆಂದು ಅಮೆರಿಕದವರು ಕೊಂಡರು, ಸರಿ. ಆದರೆ ಬೇರೆಯವರ ರೈಲು, ಬೇರೆಯವರ ಬಂದರು, ಅರ್ಧ ಪ್ರಪಂಚವನ್ನು ಸುತ್ತುವ ಹಡಗು, ಇವೆಲ್ಲ ಕಳೆದು ಉಳಿಯುವುದೆಷ್ಟು? ಸ್ವದೇಶದಲ್ಲಿ ಎದುರಾಳಿ ಜಂಷೆಡ್‌ಪುರ. ಅಲ್ಲಿಯ ಬೀಡುಕಬ್ಬಿಣ ಪ್ರಪಂಚದಲ್ಲಿಯೇ ಅಗ್ಗವಾದವುಗಳಲ್ಲೊಂದು. 1924ರಲ್ಲಿ ಇಂಡಿಯಾ ಸರ್ಕಾರದವರು ಉಕ್ಕಿಗೆ ಸುಂಕದ ರಕ್ಷಣೆ ಕೊಟ್ಟರು. ಆಗ ಭದ್ರಾವತಿಯಲ್ಲಿ ಉಕ್ಕಿರಲಿಲ್ಲ, ಬರಿಯ ಬೀಡು. ಬೇಲಿ ಪಕ್ಕದ ತೋಟಕ್ಕೆ ಬಿದ್ದಿತು.

ಬಿಳಿಯ ಆನೆಯನ್ನು ಕಟ್ಟಿಕೊಂಡೆವೆಂದು ಟೀಕಾಕಾರರು ಗೊಣಗಿದರು. ಮೊದಲು ಟಾಟಾ ಕಂಪನಿಯವರ ಕೈಯಲ್ಲಿದ್ದ ಆಡಳಿತವನ್ನು ಸರ್ಕಾರ ವಹಿಸಿಕೊಂಡು, ದಿವಾನಗಿರಿಯನ್ನು ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರನ್ನೇ 1923ರಲ್ಲಿ ಆಡಳಿತ ಮಂಡಲಿಗೆ ಅಧ್ಯಕ್ಷರನ್ನಾಗಿ ಕರೆತಂದಿತು. ಅವರು 1929ರ ವರೆಗೆ ಇದ್ದು, ಖರ್ಚನ್ನು ಬಿಗಿಹಿಡಿದು, ಪರದೇಶದ ಎಂಜಿನಿಯರುಗಳ ಜಾಗಕ್ಕೆ ನಾಡಿನ ಹುಡುಗರನ್ನು ತಂದರು. ಲಾಭನಷ್ಟದ ಪಟ್ಟಿಯಲ್ಲಿ ಕಾಣದ ಆದಾಯವೆಂದರೆ ಈ ಹುಡುಗರು. ಟೀಕಾಕಾರರ ಮಾತು ಸುಳ್ಳಲ್ಲ. ಬಹುಕಾಲ ನಷ್ಟವಾದದ್ದು ನಿಜ. ಕಾಡು ಸವೆದದ್ದೂ ನಿಜ, ಅದನ್ನಂತೂ ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಎರಡು ಲೆಕ್ಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

1936ರಲ್ಲಿ ಉಕ್ಕಿನ ಕುಲುಮೆ ಏರ್ಪಟ್ಟಿತು. ಬೇಲಿಯೊಳಗೆ ನುಗ್ಗುವ ಉಪಾಯವೆಂದು ನಾನಿದನ್ನು ಅರ್ಥಮಾಡಿಕೊಳ್ಳುತ್ತೇನೆ: ರಕ್ಷಣೆ ಇರುವುದು ಉಕ್ಕಿಗಾದರೆ ಉಕ್ಕನ್ನೇ ಮಾಡೋಣ. ಆಗ ಮಿರ್ಜಾ ಇಸ್ಮಾಯಿಲರು ದಿವಾನರು. ಅದೇ ವರ್ಷ ಕಾಗದದ ಕಾರಖಾನೆಯೂ ಸ್ಥಾಪನೆಯಾಯಿತು. ಹಿಂದೆಯೇ ಸಿಮೆಂಟು ಬಂದಿತು. 1948ರಲ್ಲಿ ಜೋಗದ ವಿದ್ಯುತ್ತು ಹರಿಯತೊಡಗಿದಮೇಲೆ, 1952ರಲ್ಲಿ ವಿದ್ಯುತ್ ಕುಲುಮೆಗಳೂ ಸೇರಿದುವು. ಬೆಂಕಿಪುರವು ಪಟ್ಟಣವಾಯಿತು.

ಅಷ್ಟರಲ್ಲಿ ದೇಶವೇ ಬದಲಾಗಿತ್ತು. 1947ರ ಆಗಸ್ಟಿನಲ್ಲಿ ಜಯಚಾಮರಾಜ ಒಡೆಯರು ಸೇರ್ಪಡೆಯ ಪತ್ರಕ್ಕೆ ಸಹಿ ಹಾಕಿದರು; ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿತು. ರಾಜಕೀಯದ ಸೇರ್ಪಡೆಯನ್ನು ಎಲ್ಲರೂ ಬಲ್ಲರು. ಹಣಕಾಸಿನ ಸೇರ್ಪಡೆಯನ್ನು ಬಲ್ಲವರು ಕಡಮೆ. ವಿ. ಟಿ. ಕೃಷ್ಣಮಾಚಾರಿಯವರ ಸಮಿತಿಯ ಸಲಹೆಯಂತೆ, 1950ರ ಏಪ್ರಿಲ್ 1ರಂದು ಮೈಸೂರಿನ ವರಮಾನ ತೆರಿಗೆ, ಎಕ್ಸೈಜ್ ಸುಂಕ, ರೈಲ್ವೆ, ಎಲ್ಲವೂ ಕೇಂದ್ರಕ್ಕೆ ಹೋದುವು. ಇದರಿಂದ ಮೈಸೂರಿಗಾದ ಕೊರತೆಯನ್ನು ಮೊದಲ 5 ವರ್ಷ ಪೂರ್ತಿಯಾಗಿ, ಅನಂತರದ 5 ವರ್ಷ ಕ್ರಮಕ್ರಮವಾಗಿ ಇಳಿಸುತ್ತ, ಕೇಂದ್ರವು ತುಂಬಿಕೊಡತಕ್ಕದ್ದೆಂದು ಒಪ್ಪಂದವಾಯಿತು. ಪೊಗದಿ ಹೋಯಿತು, ಸುಂಕದ ಹಳೆಯ ದೂರಿಗೆ ಅರ್ಥವೇ ಉಳಿಯಲಿಲ್ಲ, ಏಕೆಂದರೆ ಮೈಸೂರಿನ ಪ್ರತಿನಿಧಿಗಳು ಈಗ ಸುಂಕ ವಿಧಿಸುವ ಸಭೆಯಲ್ಲಿಯೇ ಕುಳಿತಿದ್ದರು. 1956ರಲ್ಲಿ ಕರಾವಳಿಯೂ ಕೂಡಿಕೊಂಡು, 1799ರ ಗೆರೆ ಅಳಿಸಿತು. ಇವು ಸಣ್ಣ ಲಾಭಗಳಲ್ಲ. ಹಳೆಯ ಸಂಸ್ಥಾನವನ್ನು ನೆನೆದು ನಿಟ್ಟುಸಿರಿಡುವ ಹಿರಿಯರೊಡನೆ ನಾನು ಈ ವಿಷಯದಲ್ಲಿ ವಾದಿಸಿದ್ದುಂಟು.

ಆದರೆ ಭದ್ರಾವತಿಯ ಪಾಲಿಗೆ ಆದದ್ದೇನು? ಅದೇ 1956ರಲ್ಲಿ ಉಕ್ಕಿಗೆ ದೇಶದ ಎಲ್ಲ ರೈಲು ನಿಲ್ದಾಣಗಳಲ್ಲಿಯೂ ಒಂದೇ ಬೆಲೆಯೆಂಬ ನೀತಿ ಬಂದಿತು. ಸಾಗಾಣಿಕೆಯ ವೆಚ್ಚವನ್ನು ಎಲ್ಲರ ಮೇಲೆ ಸಮನಾಗಿ ಹಂಚುವುದೇ ಅದರ ತತ್ವ. ಬಿಹಾರದವರು ಇದರಿಂದ ತಮಗೆ ಕೇಡಾಯಿತೆಂದು ಹೇಳುತ್ತಾರೆ, ಅದು ದಿಟ: ಗಣಿಯ ಬಳಿಯಿದ್ದ ಅನುಕೂಲ ಅವರಿಗೆ ತಪ್ಪಿತು. ಆದರೆ ಪೇಟೆಯ ಬಳಿಯಿದ್ದ ಅನುಕೂಲ ಭದ್ರಾವತಿಗೂ ತಪ್ಪಿತೆಂಬುದನ್ನು ಹೇಳುವವರು ಕಡಮೆ. ಮದರಾಸಿನ ವರ್ತಕನಿಗೆ ಭಿಲಾಯಿಯ ಉಕ್ಕೂ ಭದ್ರಾವತಿಯ ಉಕ್ಕೂ ಒಂದೇ ಬೆಲೆಗೆ ಸಿಕ್ಕುವುದಾದರೆ, ದೂರವೆಂಬ ಏಕೈಕ ಬೇಲಿಯೂ ಬಿದ್ದಂತಲ್ಲವೆ? ಭಿಲಾಯಿ, ರೂರ್ಕೆಲ, ದುರ್ಗಾಪುರಗಳ ಮುಂದೆ ಇದು ಕೂಸು. ಮಿಶ್ರಲೋಹದ ವಿಶೇಷ ಉಕ್ಕನ್ನು ಮಾಡುವುದಕ್ಕೆ ತಿರುಗಿಕೊಂಡು ಅದು ಉಳಿಯಿತು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ವಶವಾಯಿತು. ಎರಡು ವರ್ಷದಲ್ಲಿ, ಅಂದರೆ 1991ರಲ್ಲಿ, ದೇಶವೇ ಲೈಸೆನ್ಸುಗಳನ್ನು ಕಿತ್ತು, ಆಮದು ಸುಂಕವನ್ನು ಇಳಿಸಿ, ಹೊರಗಿನ ಪ್ರಪಂಚಕ್ಕೆ ಬಾಗಿಲು ತೆರೆಯಿತು. 1923ರಲ್ಲಿ ಮೈಸೂರು ಇಂಡಿಯದ ಮುಂದೆ ನಿಂತಿದ್ದಂತೆ ಈಗ ಇಂಡಿಯಾ ಪ್ರಪಂಚದ ಮುಂದೆ ನಿಂತಿತು. ಸ್ವಂತ ಗಣಿಯಿಲ್ಲದ ಕಾರಖಾನೆಯನ್ನು ಮಾರಲು ನೋಡಿ, ಕೊಳ್ಳುವವರಿಲ್ಲದೆ, 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದ ಸರಿಯಾಗಿ ನೂರನೆಯ ವರ್ಷದಲ್ಲಿ, ಮುಚ್ಚುವ ನಿರ್ಣಯವಾಯಿತು. ಕೆಲಸಗಾರರು ಬಾಗಿಲಲ್ಲಿ ಧರಣಿ ಕುಳಿತರು. ಆ ವರ್ಷವೇ ಸರಳಿನ ಗಿರಣಿಯಲ್ಲಿ ಕೆಲಸ ಮತ್ತೆ ತೊಡಗಿತಾದರೂ ಕುಲುಮೆ ಹೊತ್ತಲಿಲ್ಲ. ಕಾಗದದ ಕಾರಖಾನೆಯು ಅದಕ್ಕೆ ಮೊದಲೇ ನಿಂತಿತ್ತು.

ಭದ್ರಾವತಿಯಿಂದ ದಿನವೂ ರೈಲಿನಲ್ಲಿ ಕಾಲೇಜಿಗೆ ಬರುವ ಹುಡುಗರು ನನ್ನ ತರಗತಿಯಲ್ಲಿದ್ದಾರೆ. ಅಜ್ಜ ಕುಲುಮೆಯಲ್ಲಿ, ತಂದೆ ಗುತ್ತಿಗೆಯ ಕೂಲಿಯಲ್ಲಿ. ಹುಡುಗನ ಕಣ್ಣು ಬೆಂಗಳೂರಿನ ಮೇಲೆ. ಲಿಸ್ಟ್ ಪಂಡಿತನ ವಿಚಾರವನ್ನು ಪಾಠ ಹೇಳುವಾಗ ಇವರಿಗೆ ಉದಾಹರಣೆಯನ್ನು ಜರ್ಮನಿಯಿಂದ ತರಬೇಕಾಗಿಲ್ಲ. ಬೇಲಿಯನ್ನು ಎಷ್ಟು ದಿನ ಇಡಬೇಕು ಸಾರ್ ಎಂದು ಅವರಲ್ಲೊಬ್ಬ ಕೇಳಿದ. ಗಿಡ ಮರವಾಗುವ ತನಕ ಎಂದು ಪುಸ್ತಕದ ಉತ್ತರ ಹೇಳಿದೆ. ಮರವಾಯಿತೆಂದು ತೀರ್ಮಾನಿಸುವವರು ಯಾರು ಎಂದ. ಅದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಮಂಡಿಯ ಮಾತಿಗೆ ಹಿಂದಿರುಗೋಣ. 2022ರ ಸೆಪ್ಟೆಂಬರಿನಲ್ಲಿ ನೆರೆಯ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಬಹುದೆಂದು ಕೇಂದ್ರದ ಅಪ್ಪಣೆಯಾಯಿತು. ಭೂತಾನವು ಸ್ನೇಹದ ದೇಶ. ಅದಕ್ಕೂ ಬಂದರಿಲ್ಲ, ದೊಡ್ಡ ನೆರೆಯವನ ಹಾದಿಯಲ್ಲಿಯೇ ಅದರ ಮಾಲು ಹೊರಡಬೇಕು. ಹಿಂದಿನ ಮೈಸೂರಿನ ಸ್ಥಿತಿಯೇ ಅದರದು. ಆದರೆ ತೀರ್ಥಹಳ್ಳಿ, ಸಾಗರಗಳ ತೋಟದವರು ದಿಗಿಲುಬಿದ್ದರು. 2023ರ ಫೆಬ್ರವರಿಯಲ್ಲಿ ಉಳಿದ ದೇಶಗಳ ಅಡಕೆಗೆ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗಳಿಗೆ ಏರಿಸಲಾಯಿತು. ಒಂದು ಬಾಗಿಲನ್ನು ತೆರೆದ ಐದು ತಿಂಗಳೊಳಗೆ ಇನ್ನೊಂದು ಬಾಗಿಲಿಗೆ ಅಗುಳಿ ಬಿದ್ದಿತು. ಆ ವಾರ ಮಂಡಿಯಲ್ಲಿ ಸಿಕ್ಕಿದ ರೈತರೊಬ್ಬರು ಭೂತಾನ ಎಲ್ಲಿದೆ ಸ್ವಾಮಿ ಎಂದು ನನ್ನನ್ನು ವಿಚಾರಿಸಿದರು. ನೆಲದ ಮೇಲೆ ಕೊಡೆಯ ತುದಿಯಿಂದ ನಕ್ಷೆ ಬರೆದು ತೋರಿಸಿದೆ. ಅಷ್ಟು ದೂರವೇ ಎಂದು ಆಶ್ಚರ್ಯಪಟ್ಟು, ತಮ್ಮ ಮೂಟೆಯ ಧಾರಣೆ ಕೂಗುವುದನ್ನು ಕೇಳಲು ಒಳಗೆ ಹೋದರು.