ಹಳೆಯ ವಿದ್ಯಾರ್ಥಿಗಳ ಸಂಘ: ಸಾವನದುರ್ಗದ ಸೀಮೆಯಿಂದ ಒಂದು ನೋಟ

ಸಾವನದುರ್ಗಕ್ಕೆ ಚಿತ್ರಕಾರನೊಬ್ಬ ದೊರಕಿದ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ದುರ್ಗವನ್ನು ಹಿಡಿಯಿತು. ಆ ಯುದ್ಧಕಾಲದಲ್ಲಿ ಮೈಸೂರು ಸೀಮೆಯ ಚಿತ್ರಗಳನ್ನು ಬರೆದ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಬಂಡೆಗೂ ಸ್ಥಾನವಿದೆ. ಬಂಡೆಯ ಸುತ್ತಣ ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣಗಳ ಹಳ್ಳಿಗಳಿಂದ ಮುಂದೆ ಕಾಲೇಜು ಓದಲು ಹೊರಟ ಹುಡುಗರಿಗೆ ಅಂಥ ಭಾಗ್ಯವಿರಲಿಲ್ಲ. ಅವರನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಅವರು ಓದಿದ ಕಾಲೇಜು. ಕಾಲೇಜಿನ ಪರವಾಗಿ ಆ ಕೆಲಸವನ್ನು ಮಾಡಬೇಕಾದದ್ದು ಹಳೆಯ ವಿದ್ಯಾರ್ಥಿಗಳ ಸಂಘ.

ಅವರ ಮುಂದೆ ಇದ್ದ ದಾರಿಗಳು ಮುಖ್ಯವಾಗಿ ಎರಡು. ಒಂದು ಬೆಂಗಳೂರಿನ ಸೆಂಟ್ರಲ್ ಕಾಲೇಜು: 1858ರಲ್ಲಿ ಹೈಸ್ಕೂಲಾಗಿ ಹುಟ್ಟಿ, 1875ರಲ್ಲಿ ಈ ಹೆಸರನ್ನು ಪಡೆದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಗುವವರೆಗೂ ಮದರಾಸಿನ ಪರೀಕ್ಷೆಗಳಿಗೆ ಹುಡುಗರನ್ನು ಸಿದ್ಧಗೊಳಿಸುತ್ತಿದ್ದದ್ದು. ಇನ್ನೊಂದು ಮೈಸೂರಿನ ಮಹಾರಾಜಾ ಕಾಲೇಜು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯನವರು ಹೋದದ್ದು ಈ ಎರಡನೆಯ ದಾರಿಯಲ್ಲಿ. ಅಲ್ಲಿಂದ ಪುಣೆಗೆ ಹೋಗಿ ಕಾನೂನು ಓದಿದರು. ಆದರೆ ಹಳ್ಳಿಯ ಹುಡುಗನಿಗೆ ಕಾಲೇಜಿನ ಪಾಠಕ್ಕಿಂತ ಮೊದಲು ಏಳುತ್ತಿದ್ದ ಪ್ರಶ್ನೆ ಬೇರೆ: ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಕೆಲವರಿಗೆ ವಾರಾನ್ನ ದೊರೆಯಿತು. ಅದು ಸಿಕ್ಕದ ಜಾತಿಗಳವರಿಗೆ ಆಯಾ ಸಮುದಾಯದ ಸಂಘಗಳು ಕಟ್ಟಿದ ವಿದ್ಯಾರ್ಥಿನಿಲಯಗಳೇ ಗತಿ. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಹಾಸ್ಟೆಲಿನಲ್ಲಿ ಉಂಡು ಓದಿದವನು ವಕೀಲನೋ ಅಮಲ್ದಾರನೋ ಆದಮೇಲೆ ತನ್ನೂರಿನ ಮತ್ತೊಬ್ಬ ಹುಡುಗನನ್ನು ಅಲ್ಲಿಗೆ ಸೇರಿಸುತ್ತಿದ್ದ. ನನ್ನ ಎಣಿಕೆಯಲ್ಲಿ ಈ ಸೀಮೆಯ ಮೊದಲ ಹಳೆಯ ವಿದ್ಯಾರ್ಥಿ ಸಂಘಗಳು ಇವೇ, ಆ ಹೆಸರಿಲ್ಲದೆ ಇದ್ದವು. ಉಪಕಾರ ದೊಡ್ಡದು, ಬಾಗಿಲು ಮಾತ್ರ ಜಾತಿಯ ಅಳತೆಯದು. ಒಂದೇ ಬೆಂಚಿನಲ್ಲಿ ಕುಳಿತವರು ಎಂಬ ಒಂದೇ ಕಾರಣಕ್ಕೆ ಜನ ಕೂಡುವುದು ಬೇರೆಯೇ ಬಗೆಯ ನಂಟು.

ಈ ನಂಟಿಗೆ ಸಂಘದ ರೂಪ ಬಂದದ್ದು ಅಮೆರಿಕದಲ್ಲಿ, ಅದೂ ಒಂದು ಸಂಕಟದ ಗಳಿಗೆಯಲ್ಲಿ. 1821ರಲ್ಲಿ ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷರು ಕೆಲವು ವಿದ್ಯಾರ್ಥಿಗಳೊಡನೆ ಆಮ್ಹರ್ಸ್ಟ್ ಎಂಬ ಊರಿಗೆ ಹೊರಟುಹೋದರು. ಕಾಲೇಜು ಮುಚ್ಚಿಯೇ ಹೋಗುವುದೆಂಬ ಭಯದಲ್ಲಿ ಅಲ್ಲಿ ಓದಿದ್ದವರು ಸೇರಿ ಸಂಘ ಕಟ್ಟಿ ಅದನ್ನು ಉಳಿಸಿಕೊಂಡರು. ನಮ್ಮ ದೇಶದಲ್ಲಿ ಇಂಥ ಕೂಟಗಳಿಗೆ ಸಾಹಿತ್ಯದ ಸೊಗಸೂ ಇತ್ತು. ರವೀಂದ್ರನಾಥ ಠಾಕೂರರು ಬಂಕಿಮಚಂದ್ರರನ್ನು ಮೊದಲು ಕಂಡದ್ದು ಕಲ್ಕತ್ತೆಯ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ವಾರ್ಷಿಕ ಕೂಟದಲ್ಲಿ. 'ಜೀವನಸ್ಮೃತಿ'ಯಲ್ಲಿ ಅವರೇ ಅದನ್ನು ಹೇಳಿದ್ದಾರೆ. ಆಗ ಅವರಿನ್ನೂ ಹುಡುಗ.

ಕನ್ನಡದಲ್ಲಿ ಆ ಸೊಗಸು ಬೇರೆಯ ರೂಪದಲ್ಲಿ ಬಂತು. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ 'ಪ್ರಬುದ್ಧ ಕರ್ನಾಟಕ'ವನ್ನು ಹೊರಡಿಸಿತು. ಮುಂದೆ ಜಿ.ಪಿ. ರಾಜರತ್ನಂ ಅವರು ಅದೇ ಸಂಘದಿಂದ ವಿದ್ಯಾರ್ಥಿಗಳ ಬರಹಗಳನ್ನು ಅಚ್ಚುಹಾಕಿಸಿದರು. ಲೆಕ್ಕಕ್ಕೆ ಇದು ಓದುತ್ತಿರುವವರ ಸಂಘ, ಓದಿ ಹೋದವರದ್ದಲ್ಲ. ಆದರೂ ಪದವಿ ಪಡೆದು ಊರಿಗೆ ಹಿಂದಿರುಗಿ ಮೇಷ್ಟರಾದವನಿಗೆ ಕಾಲೇಜು ಅಂಚೆಯಲ್ಲಿ ಬಂದು ಸೇರಬಹುದಾದ ದಾರಿ ಅದು. ಚಹಾ, ಭಾಷಣ, ವಂದನಾರ್ಪಣೆಗಳ ವಾರ್ಷಿಕೋತ್ಸವಕ್ಕಿಂತ ಇದನ್ನೇ ನಾನು ಹೆಚ್ಚು ಬೆಲೆಯುಳ್ಳದ್ದೆಂದು ತಿಳಿಯುತ್ತೇನೆ.

ಸಂಕಟದಲ್ಲಿ ಕೂಡಿದ ಉದಾಹರಣೆ ನಮ್ಮಲ್ಲೂ ಇದೆ, ಅದು ತೀರ ಹತ್ತಿರದ ಕಾಲದ್ದು. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಇಂಜಿನಿಯರಿಂಗ್ ಕಾಲೇಜು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು, ಬರಬರುತ್ತ ಸೊರಗಿತು. ಅದರ ಹಳೆಯ ವಿದ್ಯಾರ್ಥಿಗಳು ವರುಷಗಟ್ಟಲೆ ಒತ್ತಾಯಿಸಿದರು. 2021ರ ಶಾಸನ ಅದಕ್ಕೆ ಸ್ವಾಯತ್ತ ವಿಶ್ವವಿದ್ಯಾನಿಲಯದ ಸ್ಥಾನ ಕೊಟ್ಟಿತು.

ಸಾವನದುರ್ಗದ ಸೀಮೆಗೆ ಮರಳೋಣ. ಈಗ ಓದಿಗಾಗಿ ಊರು ಬಿಡಲೇಬೇಕೆಂದಿಲ್ಲ, ಕನಕಪುರದಲ್ಲಿ ಎಸ್. ಕರಿಯಪ್ಪನವರ ರೂರಲ್ ಎಜುಕೇಶನ್ ಸೊಸೈಟಿ ಇದೆ, ತಾಲ್ಲೂಕು ಊರುಗಳಲ್ಲಿ ಸರ್ಕಾರಿ ಕಾಲೇಜುಗಳಿವೆ. ಸಂಘಗಳೂ ಇವೆ. ಅವುಗಳಲ್ಲಿ ಹಲವು ಹುಟ್ಟಿದ ಬಗೆಯೇ ಸ್ವಲ್ಪ ವಿಚಿತ್ರ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ ಕಾಲೇಜುಗಳಿಗೆ ದರ್ಜೆ ಕೊಡುವಾಗ ಹಳೆಯ ವಿದ್ಯಾರ್ಥಿಗಳ ಪಾತ್ರವನ್ನೂ ಕೇಳುತ್ತದೆ. 1960ರ ಸಂಘಗಳ ನೋಂದಣಿ ಕಾಯಿದೆಗೆ ಏಳು ಜನ ಸಾಕು. ಏಳು ರುಜು ಬೀಳುತ್ತವೆ, ಕಡತ ತಯಾರಾಗುತ್ತದೆ, ತಪಾಸಣೆಯ ತಂಡ ಬಂದು ಹೋಗುತ್ತದೆ. ಆಮೇಲೆ ಕಡತ ಬೀರುವಿನಲ್ಲಿ ಮಲಗುತ್ತದೆ. ವಿಧಾನ ಪರಿಷತ್ತಿನ ಬೆಂಗಳೂರು ಪದವೀಧರರ ಕ್ಷೇತ್ರದಲ್ಲಿ ಈ ಸೀಮೆಯೂ ಸೇರಿರುವುದರಿಂದ ಆರು ವರುಷಕ್ಕೊಮ್ಮೆ ಇಲ್ಲಿನ ಪದವೀಧರರನ್ನು ಹುಡುಕಿಕೊಂಡು ಬರುವವರು ಮಾತ್ರ ಇದ್ದಾರೆ!

ಅದೇ ಬೀರುವಿನಲ್ಲಿ ಇನ್ನೊಂದು ವಸ್ತುವಿದೆ: ಪ್ರವೇಶದ ದಾಖಲೆ ಪುಸ್ತಕ. ಹುಡುಗನ ಹೆಸರು, ಊರು, ತಂದೆಯ ಕಸುಬು. ರೇಷ್ಮೆ ನೂಲು ಬಿಚ್ಚುವವರ ಮಗ, ಚನ್ನಪಟ್ಟಣದ ಬೊಂಬೆ ಕಡೆಯುವವರ ಮಗಳು, ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು, ಎಲ್ಲರೂ ಇರುವುದು ಆ ಸಾಲುಗಳಲ್ಲಿ. ಕಾಗದಕ್ಕೆ ಗೆದ್ದಲಿನ ಭಯವಿದೆ. ಆ ಪುಸ್ತಕಗಳನ್ನು ಪ್ರತಿಮಾಡಿ, ಬದುಕಿರುವ ಹಿರಿಯರನ್ನು ಕಂಡು ಅವರ ಮಾತನ್ನು ಬರೆದಿಡಲು ದೊಡ್ಡ ನಿಧಿಯೇನೂ ಬೇಡ. ರುಜು ಹಾಕಿದ ಆ ಏಳು ಜನರೇ ಸಾಕು.