ಹಾಡಿ ಸಾಲ ತೀರಿಸಿದ ನಟಸಾಮ್ರಾಟ ಬಾಲಗಂಧರ್ವ

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಬೀಜ-ಗೊಬ್ಬರ, ಬೆಳೆಸಾಲ, ವಸೂಲಿಯ ಮಾತು ಬೇಕಾದಷ್ಟು ಇರುತ್ತವೆ. ಅವುಗಳ ನಡುವೆ ಒಬ್ಬ ನಾಟಕದವನ ಕಥೆ ಯಾಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕೇಳಲಿ. ಈ ಕಥೆಯಲ್ಲಿ ಹಾಡು ಎಷ್ಟಿದೆಯೋ ಸಾಲ-ಬಡ್ಡಿಯ ಲೆಕ್ಕವೂ ಅಷ್ಟೇ ಇದೆ. ಮೇಲಾಗಿ ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಬಾಲಗಂಧರ್ವ ಎಂಬ ಹೆಸರು ಹೊಸದಲ್ಲ. ಗ್ರಾಮೋಫೋನ್ ಪ್ಲೇಟಿನ ಕಾಲದಲ್ಲಿ 'ಹಾಡಿದ್ರ ಬಾಲಗಂಧರ್ವನ್ಹಂಗ ಹಾಡಬೇಕು' ಎನ್ನುವವರು ಈ ಭಾಗದಲ್ಲಿ ಬಹಳ ಇದ್ದರು.

ಅವರು ಹಾಡಿದ್ದು ಮರಾಠಿ ಸಂಗೀತ ನಾಟಕಗಳಲ್ಲಿ. ಆದರೆ ಆ ರಂಗಭೂಮಿಯ ಬೇರು ನಮ್ಮ ನೆಲದಲ್ಲೂ ಇದೆ. ಕನ್ನಡ ಭಾಗವತರ ಆಟ ನೋಡಿ ಮೆಚ್ಚಿದ ಸಾಂಗ್ಲಿಯ ದೊರೆ, ಅಂಥದೇ ಆಟ ಮರಾಠಿಯಲ್ಲೂ ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಅದರಿಂದ 1843ರಲ್ಲಿ 'ಸೀತಾ ಸ್ವಯಂವರ' ಹುಟ್ಟಿತು. 1880ರಲ್ಲಿ 'ಶಾಕುಂತಲ' ಆಡಿಸಿ ಸಂಗೀತ ನಾಟಕಕ್ಕೆ ಗಟ್ಟಿ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಕಿರ್ಲೋಸ್ಕರ ನಾಟಕ ಮಂಡಳಿಯಲ್ಲೇ ಬಾಲಗಂಧರ್ವರು ಬಣ್ಣ ಹಚ್ಚಿದ್ದು.

ನಿಜ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಹುಟ್ಟಿದ್ದು 1888ರ ಜೂನ್ 26. ಹತ್ತು ವರ್ಷದ ಹುಡುಗನ ಹಾಡು ಕೇಳಿದ ಲೋಕಮಾನ್ಯ ತಿಲಕರು 'ಬಾಲಗಂಧರ್ವ' ಎಂದು ಕರೆದರಂತೆ, ಆ ಹೆಸರೇ ನಿಂತಿತು. ಹುಡುಗನಿಗೆ ಕಿವಿಯ ತೊಂದರೆ ಇತ್ತು. ಕೊಲ್ಹಾಪುರದ ಶಾಹೂ ಮಹಾರಾಜರು ಮಿರಜಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಿದರು. ಅದೇ ಮಿರಜಿನಲ್ಲಿ 1905ರಲ್ಲಿ ಕಂಪನಿ ಸೇರಿ ಶಕುಂತಲೆಯ ಪಾತ್ರ ಮಾಡಿದರು. ಹೆಣ್ಣುಮಕ್ಕಳು ರಂಗದ ಮೇಲೆ ಬರದಿದ್ದ ಕಾಲ ಅದು. ಹೆಣ್ಣು ಪಾತ್ರವನ್ನು ಗಂಡಸರೇ ಮಾಡಬೇಕು, ಅದರ ಜೊತೆ ಹಾಡಲೂಬೇಕು. ನಾರಾಯಣರಾಯರು ಸೀರೆ ಉಟ್ಟು ಬಂದರೆ ಗಂಡಸು ಎಂಬುದೇ ಮರೆತುಹೋಗುತ್ತಿತ್ತು. ಅವರು ಸೀರೆ ಉಡುವ ರೀತಿ, ತುರುಬು ಕಟ್ಟುವ ರೀತಿಯನ್ನು ದೊಡ್ಡ ಮನೆತನದ ಹೆಂಗಸರೇ ನೋಡಿ ಕಲಿತರು.

1911ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ 'ಮಾನಾಪಮಾನ' ನಾಟಕದ ಮೊದಲ ಪ್ರಯೋಗ. ಅದೇ ದಿನ ಅವರ ಚಿಕ್ಕ ಮಗಳು ತೀರಿಕೊಂಡಳು. ಆಟ ನಿಲ್ಲಿಸೋಣ ಎಂದರೆ ಅವರು ಒಪ್ಪಲಿಲ್ಲ. ದುಃಖ ನುಂಗಿಕೊಂಡು ಭಾಮಿನಿಯಾಗಿ ನಿಂತು ಹಾಡಿದರು. ಬಂದ ಜನರಿಗೆ ಕೊಟ್ಟ ಮಾತು ತಪ್ಪಬಾರದು ಎಂಬ ಈ ಸ್ವಭಾವವೇ ಮುಂದೆ ಅವರನ್ನು ಎತ್ತಿತು, ಅದೇ ಕಷ್ಟಕ್ಕೂ ಗುರಿಮಾಡಿತು.

1913ರಲ್ಲಿ ಗಣಪತರಾವ್ ಬೋಡಸ್, ಗೋವಿಂದರಾವ್ ಟೆಂಬೆ ಇವರೊಂದಿಗೆ ಸೇರಿ 'ಗಂಧರ್ವ ನಾಟಕ ಮಂಡಳಿ' ಕಟ್ಟಿದರು. ಮೂವರು ಪಾಲುದಾರರು. 1916ರಲ್ಲಿ 'ಸ್ವಯಂವರ' ಬಂತು. ಭಾಸ್ಕರಬುವಾ ಬಖಲೆಯವರು ಕೂಡಿಸಿದ ಮಟ್ಟುಗಳಲ್ಲಿ ರುಕ್ಮಿಣಿಯ ಪದಗಳು ಮನೆಮನೆಗೆ ಮುಟ್ಟಿದವು. ಒನ್ಸ್‌ಮೋರ್ ಎಂದಾಗಲೆಲ್ಲ ಮತ್ತೆ ಹಾಡಿದ್ದರಿಂದ ಆಟ ಮುಗಿಯುವಷ್ಟರಲ್ಲಿ ಬೆಳಗಿನ ಜಾವ. ತಬಲಾಕ್ಕೆ ಅಹಮದ್‌ಜಾನ್ ತಿರಕವಾ, ಸಾರಂಗಿಗೆ ಕಾದರ್‌ಬಕ್ಷ್ ಅಂಥ ಉಸ್ತಾದರು ಕಂಪನಿಯಲ್ಲಿದ್ದರು. 1919ರ 'ಏಕಚ್ ಪ್ಯಾಲಾ' ನಾಟಕದಲ್ಲಿ ಕುಡುಕನ ಹೆಂಡತಿ ಸಿಂಧು ಆದರು. ರೇಷ್ಮೆ, ಜರಿಯಲ್ಲಿ ಮೆರೆದ ನಟ ಅಂದು ತೇಪೆ ಹಾಕಿದ ಸೀರೆ ಉಟ್ಟು ಬಂದಾಗ ನೋಡುವವರ ಕಣ್ಣು ಒದ್ದೆಯಾದವು. ಕುಡಿತದಿಂದ ಮನೆ ಮುರಿಯುವ ಪರಿಯನ್ನು ಭಾಷಣಕ್ಕಿಂತ ಚೆನ್ನಾಗಿ ಆ ನಾಟಕ ಹೇಳಿತು.

ಆದರೆ ಗಲ್ಲೆ ತುಂಬಿದರೂ ಗಂಟು ಉಳಿಯಲಿಲ್ಲ. ನಾರಾಯಣರಾಯರಿಗೆ ರಂಗದ ಮೇಲೆ ಎಲ್ಲವೂ ಅಸಲೇ ಬೇಕು. ಬೆಲೆಬಾಳುವ ಸೀರೆ, ಒಡವೆ, ಗಾಲೀಚೆ, ಅತ್ತರು, ಯಾವುದರಲ್ಲೂ ಕೈ ಹಿಡಿಯಲಿಲ್ಲ. 1920ರ 'ದ್ರೌಪದಿ' ನಾಟಕದ ಪರದೆ-ಸಾಮಾನಿಗೆ ನೀರಿನಂತೆ ಹಣ ಸುರಿದರು. ಕಂಪನಿಯ ಮಂದಿಗೆ ದಿನಾ ಹಬ್ಬದೂಟ. ಪಾಲುದಾರರು ಒಬ್ಬೊಬ್ಬರಾಗಿ ಹೊರಬಿದ್ದರು. ಜಮಾ-ಖರ್ಚು ಬೇರೆಯವರ ಕೈಯಲ್ಲಿ, ಕಿರ್ದಿ-ಖತಾವಣಿ ತೆಗೆದು ನೋಡುವ ರೂಢಿ ಮಾಲಕರಿಗಿರಲಿಲ್ಲ. 1921ರಲ್ಲಿ ಲೆಕ್ಕ ಹಾಕಿದಾಗ ಸಾಲ ಲಕ್ಷ ದಾಟಿತ್ತು. ಅಂದಿನ ಒಂದು ಲಕ್ಷ ಎಂದರೆ ಇಂದು ಊಹಿಸುವುದೂ ಕಷ್ಟ.

ಅದೇ 1921ರ ಜುಲೈ 8ರಂದು ಅವರು ತಿಲಕ್ ಸ್ವರಾಜ್ಯ ನಿಧಿಗಾಗಿ ಮುಂಬಯಿಯಲ್ಲಿ 'ಸಂಯುಕ್ತ ಮಾನಾಪಮಾನ' ಆಡಿದರು. ಎದುರಿಗೆ ನಾಯಕನಾಗಿ ನಿಂತವರು ಕೇಶವರಾವ್ ಭೋಸಲೆ, 1908ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ 'ಲಲಿತಕಲಾದರ್ಶ' ಕಂಪನಿ ಆರಂಭಿಸಿದ ಗಾಯಕ ನಟರು. ಎರಡು ಪೈಪೋಟಿ ಕಂಪನಿಗಳು ದೇಶಕ್ಕಾಗಿ ಒಂದೇ ವೇದಿಕೆ ಏರಿದ ದಿನ ಅದು. ತನ್ನ ಮನೆಗೆ ಸಾಲದ ಬೆಂಕಿ ಬಿದ್ದಿರುವಾಗ ಈ ಮನುಷ್ಯ ಸ್ವರಾಜ್ಯಕ್ಕೆ ಹಣ ಕೂಡಿಸಿದರು.

ದಿವಾಳಿ ತೆಗೆದು ಕೈತೊಳೆದುಕೊಳ್ಳುವ ದಾರಿ ಇತ್ತು. ನಾರಾಯಣರಾಯರು ಆ ದಾರಿ ಹಿಡಿಯಲಿಲ್ಲ. ಸಾಲ ತನ್ನ ಹೆಸರಿನದು, ತೀರಿಸುವುದು ತನ್ನ ಕೊರಳು ಎಂದು ನಿಂತರು. ಊರಿಂದೂರಿಗೆ ಕಂಪನಿ ಒಯ್ದು, ರಾತ್ರಿ ರಾತ್ರಿ ಹಾಡಿ, ಗಳಿಸಿದ್ದನ್ನು ಸಾವಕಾರರಿಗೆ ಕಟ್ಟಿದರು. ಹೀಗೆ ಸುಮಾರು ಏಳು ವರ್ಷ. ಅಸಲು, ಬಡ್ಡಿ ಎರಡೂ ತೀರಿದವು. ಹೊಲ-ಮನೆ ಜಾಮೀನು ಕೊಟ್ಟವನೂ ತಪ್ಪಿಸಿಕೊಳ್ಳುವುದನ್ನು ನೋಡಿದ್ದೇವೆ. ಇವರ ಜಾಮೀನು ಬರೀ ಕಂಠ, ಅದು ತಪ್ಪಲಿಲ್ಲ.

ಸಾಲ ತೀರಿದರೂ ಕಾಲ ಬದಲಾಯಿತು. ಮಾತಾಡುವ ಸಿನೆಮಾ ಬಂದು ನಾಟಕದ ಡೇರೆಗಳು ಖಾಲಿಯಾದವು. ಅವರೂ ಪ್ರಭಾತ್ ಕಂಪನಿಯ ಜೊತೆ ಸೇರಿ 1935ರಲ್ಲಿ 'ಧರ್ಮಾತ್ಮಾ' ಚಿತ್ರದಲ್ಲಿ ಸಂತ ಏಕನಾಥರಾದರು. ಕ್ಯಾಮೆರಾ ಮುಂದೆ ಬಿಡಿಬಿಡಿಯಾಗಿ ನಟಿಸುವ ಕೆಲಸ ಮನಸ್ಸಿಗೆ ಹಿಡಿಸಲಿಲ್ಲ. ಆರು ಚಿತ್ರಗಳ ಒಪ್ಪಂದ ಒಂದಕ್ಕೇ ಮುಗಿಯಿತು, ಮತ್ತೆ ರಂಗಕ್ಕೇ ಬಂದರು.

1938ರಲ್ಲಿ ಕಂಪನಿಗೆ ಗೋಹರ್‌ಬಾಯಿ ಕರ್ನಾಟಕಿ ಸೇರಿದರು. ಇವರು ಬಾಗಲಕೋಟೆ ಜಿಲ್ಲೆಯ ಬೀಳಗಿಯವರು, ಸಿನೆಮಾ ಹಾಡುಗಾರ್ತಿ ಅಮೀರ್‌ಬಾಯಿ ಕರ್ನಾಟಕಿಯವರ ಸಹೋದರಿ. ಬಾಲಗಂಧರ್ವರ ಗಾಯನದ ಧಾಟಿಯನ್ನು ಮೈಗೂಡಿಸಿಕೊಂಡು ಅವರ ಪಾತ್ರಗಳನ್ನು ಆಡಿದರು. ಮುಂದೆ 1951ರಲ್ಲಿ ಇಬ್ಬರೂ ಮದುವೆಯಾದರು. ಅಭಿಮಾನಿಗಳಲ್ಲಿ ಹಲವರು ಕಂಪನಿಯ ಇಳಿಗಾಲಕ್ಕೆಲ್ಲ ಆಕೆಯನ್ನೇ ದೂರಿದರು. ಆದರೆ ಇಳಿಗಾಲ ಆಕೆ ಬರುವ ಮೊದಲೇ ಶುರುವಾಗಿತ್ತು. ನಾರಾಯಣರಾಯರ ಕಾಲುಗಳು ಸ್ವಾಧೀನ ತಪ್ಪಿ, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಜೊತೆಗಿದ್ದವರು ಈ ಬೀಳಗಿಯ ಹೆಣ್ಣುಮಗಳು. ಆಕೆ 1964ರಲ್ಲಿ ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂತು. 1967ರ ಜುಲೈ 15ರಂದು ಪುಣೆಯಲ್ಲಿ ಅವರೂ ಕಣ್ಣುಮುಚ್ಚಿದರು. 1962ರಲ್ಲಿ ಅವರ ಕೈಯಿಂದಲೇ ಅಡಿಗಲ್ಲು ಇಡಿಸಿದ ಪುಣೆಯ ಬಾಲಗಂಧರ್ವ ರಂಗಮಂದಿರ, ಅವರ ಹುಟ್ಟಿದ ದಿನವಾದ 1968ರ ಜೂನ್ 26ರಂದು ತೆರೆಯಿತು. ಅದನ್ನು ನೋಡಲು ಅವರು ಉಳಿದಿರಲಿಲ್ಲ.

ಸಹಕಾರಿ ಬಂಧುಗಳೇ, ಇಂಥ ಪ್ರಾಮಾಣಿಕ ಮನುಷ್ಯ ಬಡತನದಲ್ಲಿ ಹೋದದ್ದು ಯಾಕೆ? ಅವರು ಯಾರ ಹಣವನ್ನೂ ಮುಳುಗಿಸಲಿಲ್ಲ, ಕುಡಿಯಲಿಲ್ಲ, ಜೂಜಾಡಲಿಲ್ಲ. ಆದರೆ ಲೆಕ್ಕ ನೋಡಲಿಲ್ಲ. ಪಾಲುದಾರರು ಹೋದ ಮೇಲೆ 'ಇಷ್ಟು ಖರ್ಚು ಬೇಡ್ರಿ' ಎಂದು ಹೇಳುವವರೂ ಉಳಿಯಲಿಲ್ಲ. ಒಬ್ಬನ ಕಂಪನಿ ಆ ಒಬ್ಬನ ಕೊರಳು ಇರುವತನಕ ಮಾತ್ರ. ಹತ್ತು ಮಂದಿ ಕೂಡಿ ಕಟ್ಟಿದ ಸಂಘದಲ್ಲಿ ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಇರುತ್ತದೆ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕು ಚಿಕ್ಕ ಸದಸ್ಯನಿಗೂ ಇರುತ್ತದೆ. ಇದನ್ನು ಕಿರಿಕಿರಿ ಎಂದು ತಿಳಿಯಬಾರದು. ಸಾಲ ತೀರಿಸುವ ಮನಸ್ಸನ್ನು ನಾವು ಬಾಲಗಂಧರ್ವರಿಂದ ಕಲಿಯೋಣ. ಲೆಕ್ಕ ಇಡುವ ಬುದ್ಧಿಯನ್ನು ನಮ್ಮ ಸಂಘದ ಇಪ್ಪತ್ತೈದು ವರ್ಷಗಳಿಂದ ಕಲಿಯೋಣ. ಎರಡೂ ಕೂಡಿದರೆ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣುತ್ತದೆ.